ಗಾಳ ಯಾರದು, ನೀರು ಯಾರದು?



ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೊಮ್ಮೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷಗಳು ಸಂದಿದ್ದವು. ಅಜ್ಜಂದಿರ ಬಾಯಿಂದ ಕೇಳಿದ್ದ ಮಾತು ಮೊಮ್ಮಕ್ಕಳ ಕಣ್ಣೆದುರು ನಿಜವಾದಾಗ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗಗಳ ಜನ ಬುತ್ತಿ ಕಟ್ಟಿಕೊಂಡು ಕಣಿವೆಗೆ ಬಂದರು; ಕಣಿವೆ ಮಾರಮ್ಮನಿಗೆ ಕಾಯಿ ಒಡೆದರು. ಅದೇ ಹೊತ್ತಿನಲ್ಲಿ ಹಿನ್ನೀರಿನ ಅಂಚಿನ ಹೊಲ ತೋಟಗಳು ಮುಳುಗಿ ಕೆಲವು ಮನೆಗಳಲ್ಲಿ ಕಣ್ಣೀರೂ ಹರಿಯಿತು. 2025ರ ಜನವರಿಯಲ್ಲಿ ಸಾಗರ ಮತ್ತೆ ಕೋಡಿ ಬಿದ್ದಿತು.

ತುಂಬಿದ ನೀರಿನ ಮೇಲೆ ಮೂರು ಬಗೆಯ ಕಣ್ಣುಗಳು ಬೀಳುತ್ತವೆ. ಅಚ್ಚುಕಟ್ಟಿನ ರೈತ ನಾಲೆಯ ಕಡೆಗೆ ನೋಡುತ್ತಾನೆ. ಹರಿಗೋಲಿನ ಬೆಸ್ತ ನೀರಿನ ಬಣ್ಣವನ್ನು ನೋಡಿ ಈ ಸಲ ಬಲೆ ಎಲ್ಲಿ ಬಿಡಬೇಕೆಂದು ಯೋಚಿಸುತ್ತಾನೆ. ಮೂರನೆಯ ಕಣ್ಣು ದೂರದ ಪಟ್ಟಣದ್ದು. ಅದಕ್ಕೆ ನೀರೆಂಬುದು ನೋಟ, ವಿಹಾರ, ಬಾಡಿಗೆಗೆ ಕೊಡಬಹುದಾದ ಜಾಗ. ಈ ಮೂರನೆಯ ಕಣ್ಣು ಕೆಟ್ಟದ್ದೆಂದು ತೀರ್ಪು ಕೊಡುವುದು ಈ ಉಪನ್ಯಾಸದ ಉದ್ದೇಶವಲ್ಲ. ಆದರೆ ಜಗತ್ತಿನ ಹಲವು ನದಿ ಸರೋವರಗಳಲ್ಲಿ ಗಾಳ ಹಾಕುವ ಹವ್ಯಾಸಕ್ಕೆ ಈಗ ಅಂತರ್ಜಾಲದಲ್ಲಿ ಮುಂಗಡ ಕಾಯ್ದಿರಿಸುವ ಪದ್ಧತಿ ಬಂದಿದೆ. ನಾಳೆ ಅಂಥದೊಂದು ಯೋಜನೆ ವೇದಾವತಿಯ ದಡಕ್ಕೂ ಬಂದರೆ, ಅದರ ಲಾಭ ಯಾರ ಮನೆಯ ಬಾಗಿಲಿಗೆ ಬರುತ್ತದೆ, ಯಾರ ಮನೆಯಿಂದ ಹೋಗುತ್ತದೆ ಎಂಬುದನ್ನು ಮೊದಲೇ ಅಳೆದು ನೋಡುವುದು ವಿವೇಕ.

ಸಾಲ್ಮನ್ ನದಿಗಳ ಪಾಠ

ಈ ಪದ್ಧತಿ ಮೊದಲು ಬಲವಾಗಿ ಬೇರೂರಿದ್ದು ಸಾಲ್ಮನ್ ಮೀನಿನ ನದಿಗಳಲ್ಲಿ. ಸಾಲ್ಮನ್ ತಣ್ಣೀರಿನ ಮೀನು. ನದಿಯ ಮೇಲ್ಭಾಗದ ಜಲ್ಲಿಕಲ್ಲುಗಳ ನಡುವೆ ಹುಟ್ಟಿ, ಬೆಳೆಯುತ್ತ ಸಮುದ್ರಕ್ಕಿಳಿದು, ಅಲ್ಲಿ ಕೊಬ್ಬಿ, ಮೊಟ್ಟೆಯಿಡಲು ಹುಟ್ಟಿದ ನದಿಗೇ ಮರಳಿ ಬರುತ್ತದೆ. ಕರ್ನಾಟಕದ ಯಾವ ಹೊಳೆಯಲ್ಲಿಯೂ ಅದು ಇಲ್ಲ. ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಕರೆಸಿಕೊಳ್ಳುವ ರಾವಸ್ ಬೇರೆಯದೇ ಕುಲದ ಮೀನು.

ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ಒಂದು ಆಸ್ತಿ. ಅದು ದಡದ ಭೂಮಿಯಿಂದ ಪ್ರತ್ಯೇಕವಾದದ್ದು. ಮನೆ ಮಾರಿದಂತೆ, ಹೊಲ ಮಾರಿದಂತೆ ಅದನ್ನು ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ನದಿಯನ್ನು ತುಂಡು ತುಂಡಾಗಿ ವಿಂಗಡಿಸಿ, ಒಂದೊಂದು ತುಂಡಿನಲ್ಲಿ ದಿನಕ್ಕೆ ಇಷ್ಟೇ ಗಾಳ ಎಂದು ಗೊತ್ತುಮಾಡಿ ಬಾಡಿಗೆಗೆ ಕೊಡುತ್ತಾರೆ. ಹಿಂದೆ ಒಳ್ಳೆಯ ವಾರಗಳು ಕೆಲವು ಮನೆತನಗಳಿಗೇ ವರ್ಷ ವರ್ಷವೂ ಮೀಸಲಾಗಿರುತ್ತಿದ್ದವು. ಹೊಸಬರು ಕಾಗದ ಬರೆದು, ಪರಿಚಯ ಹಿಡಿದು ಅವಕಾಶ ಪಡೆಯಬೇಕಾಗಿತ್ತು. ಟ್ವೀಡ್ ನದಿಯಲ್ಲಿ ಆರಂಭವಾಗಿ ಬೇರೆ ನದಿಗಳಿಗೂ ಹಬ್ಬಿದ ‘ಫಿಶ್‌ಪಾಲ್’ನಂಥ ಅಂತರ್ಜಾಲ ವ್ಯವಸ್ಥೆಗಳು ಈ ಬಾಗಿಲನ್ನು ಸಾಮಾನ್ಯರಿಗೂ ತೆರೆದವು. ಖಾಲಿ ಉಳಿಯುತ್ತಿದ್ದ ದಿನಗಳು ತುಂಬಿದವು, ದರಗಳು ಎಲ್ಲರ ಕಣ್ಣಿಗೂ ಕಂಡವು. ನದಿದಡದ ಊರುಗಳ ಹೋಟೆಲುಗಳಿಗೂ, ಗಾಳಗಾರರಿಗೆ ದಾರಿ ತೋರುವ ‘ಗಿಲ್ಲಿ’ ಎಂಬ ಸ್ಥಳೀಯ ನೌಕರರಿಗೂ ಕೆಲಸ ಸಿಕ್ಕಿತು.

ಇದು ಒಂದು ಮುಖ. ಇನ್ನೊಂದು ಮುಖವೂ ಉಂಟು. ಬಾಡಿಗೆಯ ಮೂಲಹಣ ಸೇರುವುದು ಹಕ್ಕಿನ ಒಡೆಯನಿಗೆ. ತಲೆಮಾರುಗಳಿಂದ ಸಮುದ್ರದ ಅಂಚಿನಲ್ಲಿ ಬಲೆ ಬಿಟ್ಟು ಸಾಲ್ಮನ್ ಹಿಡಿದು ಮಾರುತ್ತಿದ್ದ ಬಲೆಗಾರರಿಗೆ ಈ ವ್ಯವಸ್ಥೆಯಲ್ಲಿ ಸ್ಥಾನವಿರಲಿಲ್ಲ. ಮೀನು ಕಡಿಮೆಯಾದಾಗ, 2016ರಲ್ಲಿ ಅಲ್ಲಿಯ ಸರ್ಕಾರ ಕರಾವಳಿಯ ಬಲೆಗಾರರು ಸಾಲ್ಮನ್ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ನದಿಯ ಗಾಳಗಾರರಿಗೆ, ಹಲವು ನದಿಗಳಲ್ಲಿ ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಕಟ್ಟುಪಾಡಿನೊಂದಿಗೆ, ಅವಕಾಶ ಉಳಿಯಿತು. ಮೀನನ್ನು ಉಳಿಸಲು ನಿರ್ಬಂಧ ಬೇಕಾಗಿತ್ತೆಂಬುದು ನಿಜ. 2023ರಲ್ಲಿ ಬ್ರಿಟನ್ನಿನ ಸಾಲ್ಮನ್ ಅಳಿವಿನಂಚಿನ ಪಟ್ಟಿಗೆ ಸೇರಿತು. ಆದರೆ ನೀರಿನಿಂದ ಮೊದಲು ಹೊರಬಿದ್ದವನು ಹೊಟ್ಟೆಪಾಡಿಗೆ ಮೀನು ಹಿಡಿಯುತ್ತಿದ್ದವನು, ಉಳಿದವನು ಹವ್ಯಾಸಕ್ಕೆ ಹಿಡಿಯುವವನು ಎಂಬುದನ್ನು ಈ ಬಯಲುಸೀಮೆಯ ಬೆಸ್ತರು ಮರೆಯಬಾರದು.

ಐಸ್‌ಲ್ಯಾಂಡಿನ ಕಥೆ ಸ್ವಲ್ಪ ಬೇರೆ. ಅಲ್ಲಿ ನದಿದಡದ ಜಮೀನಿನ ರೈತರಿಗೆ ಮೀನಿನ ಹಕ್ಕು ಇದೆ. ಆದರೆ ಒಬ್ಬೊಬ್ಬರೇ ಅದನ್ನು ಮಾರುವಂತಿಲ್ಲ. ಒಂದು ನದಿಯ ಎಲ್ಲ ಹಕ್ಕುದಾರರೂ ಸೇರಿ ಒಂದು ಸಂಘ ಕಟ್ಟಬೇಕೆಂದು ಕಾನೂನು ಹೇಳುತ್ತದೆ. ನದಿಗೆ ಎಷ್ಟು ಗಾಳ ಇಳಿಯಬೇಕು, ಯಾರಿಗೆ ಗುತ್ತಿಗೆ ಕೊಡಬೇಕು ಎಂಬ ವಿಷಯಗಳನ್ನು ನೋಡಿಕೊಳ್ಳುವುದು ಆ ಸಂಘ. ಬಂದ ಆದಾಯ ಗೊತ್ತುಪಡಿಸಿದ ಪಾಲಿನ ಪ್ರಕಾರ ರೈತರಿಗೆ ಹಂಚಿಕೆಯಾಗುತ್ತದೆ. ಕುರಿ ಸಾಕಣೆಯಿಂದ ಮಾತ್ರ ಬದುಕಲಾಗದ ಎಷ್ಟೋ ಕಣಿವೆಗಳಲ್ಲಿ ಈ ಹಣ ಒಕ್ಕಲುತನವನ್ನು ಹಿಡಿದು ನಿಲ್ಲಿಸಿದೆ. ಎರಡೂ ದೇಶಗಳಲ್ಲಿ ಕಾಯ್ದಿರಿಸುವುದು ಅಂತರ್ಜಾಲದಲ್ಲಿಯೇ, ಬರುವ ಗಾಳಗಾರನೂ ಅಂಥವನೇ. ವ್ಯತ್ಯಾಸ ಇರುವುದು ಹಕ್ಕು ಯಾರ ಕೈಯಲ್ಲಿದೆ ಎಂಬುದರಲ್ಲಿ.

ಕಾವೇರಿಯ ಮಾಹಸೀರ್

ಇಂಥ ಪಾಠಕ್ಕೆ ಕಡಲು ದಾಟಿಯೇ ಹೋಗಬೇಕೆಂದಿಲ್ಲ. ಸಾಲ್ಮನ್‌ಗೆ ಸಮನಾದ ಕೀರ್ತಿಯ ಗಾಳದ ಮೀನು ಕಾವೇರಿಯಲ್ಲಿಯೇ ಇದೆ. ಅದು ಮಾಹಸೀರ್. 1873ರಲ್ಲಿ ಎಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ ಭಾರತದ ಗಾಳಗಾರಿಕೆಯ ಬಗ್ಗೆ ಪುಸ್ತಕ ಬರೆದಾಗಲೇ ಅದರ ಹೆಸರು ವಿಲಾಯತಿಗೆ ಮುಟ್ಟಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮಾಹಸೀರ್ ಹಿಡಿದದ್ದು ದಾಖಲೆಯಾಯಿತು. ಸ್ವಾತಂತ್ರ್ಯಾನಂತರ ಮರೆತುಹೋಗಿದ್ದ ಈ ಮೀನನ್ನು 1970ರ ದಶಕದ ಕೊನೆಯಲ್ಲಿ ಬಂದ ವಿದೇಶಿ ಗಾಳಗಾರರ ತಂಡವೊಂದು ಮತ್ತೆ ಜಗತ್ತಿನ ಗಮನಕ್ಕೆ ತಂದಿತು. ಆಮೇಲೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಶಿಬಿರಗಳು ನದಿದಡದಲ್ಲಿ ತಲೆಯೆತ್ತಿದವು. ದಕ್ಷಿಣ ಭಾರತ ವನ್ಯಜೀವಿ ಸಂಘವೂ ನದಿಯ ಒಂದು ಭಾಗವನ್ನು ವಹಿಸಿಕೊಂಡು ಕಾವಲುಗಾರರನ್ನು ನೇಮಿಸಿತು.

ಅಲ್ಲಿ ನಡೆದದ್ದು ಕುತೂಹಲಕರ. ವಿದೇಶದ ದುಬಾರಿ ಗಾಳಗಳ ತುದಿಗೆ ಕಟ್ಟುತ್ತಿದ್ದದ್ದು ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಅದನ್ನು ನಾದಿ ಉಂಡೆ ಕಟ್ಟುವ ಹದ, ಮಡುವಿನಲ್ಲಿ ಮೀನು ನಿಲ್ಲುವ ಜಾಗ, ಹರಿಗೋಲನ್ನು ಸುಳಿಗೆ ಸಿಗದಂತೆ ತಿರುಗಿಸುವ ಚಾಕಚಕ್ಯ ಇವೆಲ್ಲ ದಡದ ಊರಿನವರ ವಿದ್ಯೆ. ಮೊದಲು ಸಿಡಿಮದ್ದು ಎಸೆದು ಮೀನು ಹಿಡಿಯುತ್ತಿದ್ದ ಕೆಲವರೇ ಶಿಬಿರಗಳಲ್ಲಿ ಮಾರ್ಗದರ್ಶಿಗಳಾಗಿ, ಕಾವಲುಗಾರರಾಗಿ ಸಂಬಳಕ್ಕೆ ಸೇರಿದರು. ಬದುಕಿರುವ ಮೀನಿಗೆ ಸತ್ತ ಮೀನಿಗಿಂತ ಬೆಲೆ ಹೆಚ್ಚು ಎಂಬುದನ್ನು ಅವರು ಕೈಯಾರೆ ಕಂಡರು. ಹಿಡಿದ ಮೀನನ್ನು ತೂಗಿ ಬರೆದಿಟ್ಟು ನೀರಿಗೆ ಬಿಡುವುದು ಅಲ್ಲಿಯ ನಿಯಮವಾಗಿತ್ತು.

ಆ ಬರೆದಿಟ್ಟ ಪುಸ್ತಕಗಳೇ ಮುಂದೆ ವಿಜ್ಞಾನಕ್ಕೆ ಒದಗಿದವು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಾಹಸೀರ್‌ಗಳ ಲೆಕ್ಕವನ್ನು ಸಂಶೋಧಕರು ಪರಿಶೀಲಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಮೊದಲನೆಯದಾಗಿ, ಗಂಟೆಗೆ ಸಿಗುವ ಮೀನುಗಳ ಸಂಖ್ಯೆ ಹೆಚ್ಚಿತ್ತು; ಎಂದರೆ ಕಾವಲಿನಿಂದ ಪ್ರಯೋಜನವಾಗಿತ್ತು. ಎರಡನೆಯದಾಗಿ, ಹೆಚ್ಚಿದ್ದು ಮೂಲದ ಮೀನಲ್ಲ. ಕಾವೇರಿಗೆ ಮಾತ್ರ ಸೇರಿದ, ಬೆನ್ನು ಉಬ್ಬಿದ ದೊಡ್ಡ ಮಾಹಸೀರ್ ಇಳಿಮುಖವಾಗಿ, 1970ರ ದಶಕದಿಂದ ಮೊಟ್ಟೆಕೇಂದ್ರಗಳ ಮರಿ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಮಾಹಸೀರ್ ಅದರ ಜಾಗವನ್ನು ಆಕ್ರಮಿಸಿತ್ತು. ಆ ಉಬ್ಬುಬೆನ್ನಿನ ಮೀನಿಗೆ ‘ಟಾರ್ ರೆಮಾದೇವಿ’ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದನ್ನು ಅತಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ನೂರೈವತ್ತು ವರ್ಷ ಜಗತ್ತೆಲ್ಲ ಹಾಡಿಹೊಗಳಿದ ಮೀನಿಗೆ ಹೆಸರು ಸಿಕ್ಕುವ ಹೊತ್ತಿಗೆ ಅದು ಹೊರಡುವ ದಾರಿಯಲ್ಲಿತ್ತು. ಒಳ್ಳೆಯ ಉದ್ದೇಶದಿಂದ ಬಿಟ್ಟ ಮರಿಯೂ ಕೆಡುಕು ಮಾಡಬಲ್ಲದು. ಯಾವ ನೀರಿಗೆ ಯಾವ ಮೀನು ಎಂಬುದನ್ನು ಕೇಳದೆ ಬಿತ್ತಬಾರದು.

ಶಿಬಿರಗಳಿದ್ದ ಭಾಗ ಕಾವೇರಿ ವನ್ಯಧಾಮಕ್ಕೆ ಸೇರಿದ್ದರಿಂದ, ಗಾಳ ಹಾಕುವುದೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಎಂಬ ನಿಲುವಿನಿಂದ 2012ರಲ್ಲಿ ಆ ಆಟ ನಿಂತಿತು. ಕಾನೂನಿನ ದೃಷ್ಟಿಯಿಂದ ಅದಕ್ಕೆ ಆಧಾರವಿತ್ತು. ಆದರೆ ಗಾಳಗಾರರ ಹಣದಿಂದ ನಡೆಯುತ್ತಿದ್ದ ಕಾವಲು ಸಡಿಲವಾದರೆ ಸಿಡಿಮದ್ದು ಮರಳಿ ಬರುತ್ತದೆಂಬ ಆತಂಕವನ್ನೂ ಸಂಶೋಧಕರು ದಾಖಲಿಸಿದರು. ಗಮನಿಸಬೇಕಾದದ್ದು ಇಷ್ಟು: ಆಟ ಆರಂಭವಾದಾಗಲೂ ನಿಂತಾಗಲೂ ತೀರ್ಮಾನ ಬೇರೆಡೆ ಆಯಿತು. ಹರಿಗೋಲಿನವನಿಗೆ ಸಿಕ್ಕಿದ್ದು ಕೂಲಿ, ಹಕ್ಕಲ್ಲ. ಕೂಲಿ ಒಂದು ಆದೇಶದಿಂದ ನಿಲ್ಲಬಹುದು. ಹಕ್ಕನ್ನು ಹಾಗೆ ಸುಲಭವಾಗಿ ನಿಲ್ಲಿಸಲಾಗದು.

ಮಲೆನಾಡಿನ ಕೂಣಿ

ಕಾಯ್ದಿರಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದೇನಲ್ಲ ಎಂಬುದನ್ನು ಶಿವಮೊಗ್ಗ ಜಿಲ್ಲೆಯ ಕೆರೆಬೇಟೆ ತೋರಿಸುತ್ತದೆ. ಬೇಸಗೆಯಲ್ಲಿ ಕೆರೆಯ ನೀರು ಮೊಣಕಾಲುದ್ದಕ್ಕೆ ಇಳಿದಾಗ ಊರವರು ಒಂದು ದಿನ ಗೊತ್ತುಮಾಡಿ ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುತ್ತಾರೆ. ಬಿದಿರಿನಿಂದ ಹೆಣೆದ ಕೂಣಿಯನ್ನು ಹಿಡಿದು ಬಂದವರು ಒಂದು ಕೂಣಿಗೆ ಇಷ್ಟೆಂದು ಹಣ ಕೊಟ್ಟು ಒಟ್ಟಿಗೇ ಕೆರೆಗೆ ಇಳಿಯುತ್ತಾರೆ. ಸಂಗ್ರಹವಾದ ಹಣ ಊರಿನ ದೇವಸ್ಥಾನಕ್ಕೋ ಊರ ಕೆಲಸಕ್ಕೋ ಸಲ್ಲುತ್ತದೆ.

ಅಲ್ಲಿಯೂ ಶುಲ್ಕವಿದೆ, ಗೊತ್ತಾದ ದಿನವಿದೆ, ಹೊರಗಿನವರಿಗೆ ಪ್ರವೇಶವಿದೆ. ಆದರೆ ದಿನವನ್ನು ನಿಶ್ಚಯಿಸುವುದು ಊರು, ದರವನ್ನು ಕಟ್ಟುವುದು ಊರು, ಹಣವನ್ನು ಎಣಿಸುವುದೂ ಊರಿನ ಕಟ್ಟೆಯ ಮೇಲೆಯೇ. ಮೊಬೈಲಿನ ಪರದೆಗೂ ಕೂಣಿಗೂ ಇರುವ ನಿಜವಾದ ಅಂತರ ಇದೇ.

ಅಂತರ್ಜಾಲವನ್ನೇ ದೂಷಿಸಬೇಕಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಚಾರಣಿಗರು ನುಗ್ಗಿದ ಮೇಲೆ ಸರ್ಕಾರ ಮುಂಗಡ ಕಾಯ್ದಿರಿಸಿದವರಿಗೆ ಮಾತ್ರ ಚಾರಣದ ಅವಕಾಶವೆಂಬ ನಿಯಮದತ್ತ ಹೊರಳಿತು. ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಲು, ರಸೀದಿಯಿಲ್ಲದ ವಸೂಲಿ ತಪ್ಪಿಸಲು ಅದು ಒಳ್ಳೆಯ ಸಾಧನ. ಕುಡುಗೋಲು ಪೈರನ್ನೂ ಕೊಯ್ಯುತ್ತದೆ, ಕೈಯನ್ನೂ ಕೊಯ್ಯುತ್ತದೆ. ಹಿಡಿ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ.

ನೂರು ರೂಪಾಯಿಯ ಪಯಣ

ಬೆಂಗಳೂರಿನ ಒಬ್ಬರು ವಾಣಿವಿಲಾಸ ಸಾಗರದ ದಡದಲ್ಲಿ ಎರಡು ದಿನ ಗಾಳ ಹಾಕಲು ಅಂತರ್ಜಾಲದಲ್ಲಿ ಹಣ ಕಟ್ಟಿದರೆಂದು ಕಲ್ಪಿಸಿಕೊಳ್ಳಬಹುದು. ಕಟ್ಟಿದ ಪ್ರತಿ ನೂರು ರೂಪಾಯಿಯ ಹಾದಿಯನ್ನು ವಿದ್ಯಾರ್ಥಿಗಳು ಹೆಜ್ಜೆ ಹೆಜ್ಜೆಗೂ ಹಿಂಬಾಲಿಸಬೇಕು. ಮೊದಲ ಪಾಲು ಕಾಯ್ದಿರಿಸುವ ಜಾಲತಾಣದ್ದು. ಪ್ರವಾಸೋದ್ಯಮದಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತೈದರ ಆಸುಪಾಸು ದಲ್ಲಾಳಿ ಹಣ ಹಿಡಿಯುವುದು ಸಾಮಾನ್ಯ. ಎರಡನೆಯದು ತೆರಿಗೆ. ಮೂರನೆಯದು ವಸತಿಗೃಹದ ಬಂಡವಾಳಗಾರನದು. ಅವನ ಸಾಲದ ಬಡ್ಡಿ, ಜಾಹೀರಾತು, ಲಾಭ ಎಲ್ಲವೂ ಅದರಲ್ಲಿವೆ. ನಾಲ್ಕನೆಯದು ಗಾಳ, ದಾರ, ರಕ್ಷಾ ಕವಚ ಮುಂತಾದ ಸಾಮಗ್ರಿಗಳಿಗೆ. ಅವು ಈ ಸೀಮೆಯಲ್ಲಿ ತಯಾರಾಗುವುದಿಲ್ಲ. ಅಡುಗೆಯ ಅಕ್ಕಿ, ಬೇಳೆ, ಎಣ್ಣೆ ಪಟ್ಟಣದ ಸಗಟು ಅಂಗಡಿಯಿಂದ ಬಂದರೆ ಐದನೆಯ ಪಾಲೂ ಊರನ್ನು ದಾಟಿ ಹೋಗುತ್ತದೆ. ಕೊನೆಗೆ ಉಳಿಯುವುದು ಹರಿಗೋಲಿನವನ ದಿನಗೂಲಿ, ಅಡುಗೆಯಾಕೆಯ ಸಂಬಳ, ಕಾವಲುಗಾರನ ಪಗಾರ.

ಈ ಕೂಲಿಯನ್ನು ಹೀಗಳೆಯಬಾರದು. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವವರಿಗೆ ಊರಿನಲ್ಲಿಯೇ ಸಿಗುವ ಕೂಲಿ ದೊಡ್ಡದು. ಆದರೆ ಅದನ್ನು ಲಾಭದ ಪಾಲು ಎಂದು ತಪ್ಪು ತಿಳಿಯಬಾರದು. ಈ ಜಿಲ್ಲೆಯ ಜನಕ್ಕೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಗಾಳಿ ಊರಿನದು, ವಿದ್ಯುತ್ತಿನ ಹಣ ಬೇರೆಯವರದು. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆಯಿಂದ ಅದಿರು ಲಾರಿಗಳು ಹೋದವು. ಧೂಳು ಅಡಕೆ ತೋಟಗಳ ಮೇಲೆ ಉಳಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆ ಹಾಕುವವರೆಗೂ, ಗಣಿಬಾಧಿತ ಊರಿಗೆ ಗಣಿಯ ಹಣದಲ್ಲಿ ಪಾಲಿರಬೇಕೆಂಬ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಯಮ 2015ರಲ್ಲಿ ಕಾನೂನಾಗುವವರೆಗೂ, ಊರಿಗೆ ಸಿಗುತ್ತಿದ್ದದ್ದು ಕೂಲಿ ಮಾತ್ರ. ಗಣಿ ಅಗೆದು ಮುಗಿದ ಮೇಲೆ ಪಾಲು ಕೇಳುವುದಕ್ಕಿಂತ ಗಾಳ ಇಳಿಯುವ ಮೊದಲೇ ಪಾಲು ಬರೆಸಿಕೊಳ್ಳುವುದು ಲೇಸು.

ಇನ್ನೊಂದು ಪ್ರಶ್ನೆ ಮೀನಿನದೇ. ಕೆರೆ ಜಲಾಶಯಗಳಲ್ಲಿ ಬೆಳೆಯುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಗಂಗಾ ಬಯಲಿನ ಮೂಲದವು. ಅವು ಮಳೆಗಾಲದ ಪ್ರವಾಹದಲ್ಲಿ ಮೊಟ್ಟೆಯಿಡುವ ಜಾತಿಗಳು. ನಿಂತ ನೀರಿನ ಕೆರೆಯಲ್ಲಿ ಸಾಮಾನ್ಯವಾಗಿ ಸಂತಾನ ಬೆಳೆಸುವುದಿಲ್ಲ. 1957ರಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಕಟಕ್‌ನಲ್ಲಿ ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆಯಿಡಿಸುವ ವಿಧಾನದಲ್ಲಿ ಯಶಸ್ವಿಯಾದದ್ದರಿಂದಲೇ ದೇಶದ ಕೆರೆಗಳಿಗೆ ಮರಿಗಳು ಸಿಗುವಂತಾಯಿತು. ಆದ್ದರಿಂದ ಜಲಾಶಯದ ದೊಡ್ಡ ಕಾಟ್ಲಾ ತಾನಾಗಿ ಬಂದದ್ದಲ್ಲ. ಯಾರೋ ಹಣ ಕೊಟ್ಟು ಮರಿ ತಂದು ಬಿಟ್ಟದ್ದು, ಯಾರೋ ಕಾದು ಬೆಳೆಸಿದ್ದು. ಆ ಮರಿಯ ಹಣ ಮೀನುಗಾರರ ಸಂಘದ್ದೋ ಗುತ್ತಿಗೆದಾರನದೋ ಸರ್ಕಾರದ್ದೋ ಆಗಿರುತ್ತದೆ. ಪ್ರವಾಸಿಯ ಗಾಳಕ್ಕೆ ಸಿಕ್ಕುವುದು ಅದೇ ಮೀನು. ಬಿತ್ತಿದವನಿಗೆ ಬೆಳೆಯಲ್ಲಿ ಪಾಲಿಲ್ಲವೆಂದರೆ ಮುಂದಿನ ವರ್ಷ ಬಿತ್ತುವವರು ಯಾರು?

ವೇದಾವತಿಗೆ ಮುಂಗಡವಿಲ್ಲ

ಅಂತರ್ಜಾಲದ ಕಾಯ್ದಿರಿಸುವ ಪಟ್ಟಿಯಲ್ಲಿ ಮುಂದಿನ ವರ್ಷದ ತಾರೀಖುಗಳೂ ಇರುತ್ತವೆ. ವೇದಾವತಿಯ ಬಳಿ ಅಂಥ ಪಟ್ಟಿಯಿಲ್ಲ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟೆಯ ಸಾಮರ್ಥ್ಯ ಸುಮಾರು 30 ಟಿಎಂಸಿ. ಆದರೆ ಮೊದಲೇ ಹೇಳಿದಂತೆ ಎರಡು ಕೋಡಿಗಳ ನಡುವೆ ಎಂಬತ್ತೊಂಬತ್ತು ವರ್ಷ ಸಂದದ್ದುಂಟು. ಎಷ್ಟೋ ಬೇಸಗೆಗಳಲ್ಲಿ ಜಲಾಶಯದ ತಳ ಬಿರುಕುಬಿಟ್ಟು ನಿಂತದ್ದುಂಟು. ಹಿರಿಯೂರು ತಾಲ್ಲೂಕಿನ ಗಾಯತ್ರಿ ಜಲಾಶಯದ ಕಥೆಯೂ, ಗುಡ್ಡದ ಅಡಿಯ ಸಣ್ಣ ಕೆರೆಗಳ ಕಥೆಯೂ ಬೇರೆಯಲ್ಲ. ಭದ್ರೆಯ ನೀರು ಈಚೆಗೆ ಸೇರುತ್ತಿರುವುದರಿಂದ ಚಿತ್ರ ಬದಲಾಗಬಹುದು. ಆದರೂ ಇದು ಬಯಲುಸೀಮೆ ಎಂಬುದು ಬದಲಾಗದು.

ಇದರ ಪರಿಣಾಮವನ್ನು ಯೋಚಿಸಬೇಕು. ನೀರಿಳಿದ ವರ್ಷ ಪ್ರವಾಸಿ ಬೇರೆ ಸರೋವರಕ್ಕೆ ಹೋಗುತ್ತಾನೆ. ಜಾಲತಾಣಕ್ಕೂ ನಷ್ಟವಿಲ್ಲ, ಅದರ ಪಟ್ಟಿಯಲ್ಲಿ ನೂರು ಜಾಗಗಳಿವೆ. ಬಲೆ ಮಾರಿ ಮಾರ್ಗದರ್ಶಿಯಾದ ಬೆಸ್ತ ಮಾತ್ರ ಎಲ್ಲಿಗೂ ಹೋಗಲಾರ. ಇನ್ನೂ ಸೂಕ್ಷ್ಮವಾದ ಅಪಾಯವೊಂದಿದೆ. ದಡದಲ್ಲಿ ಬಂಡವಾಳ ಬಿದ್ದ ಮೇಲೆ, ಮುಂಗಡ ಹಣ ಪಡೆದ ಮೇಲೆ, ನೀರನ್ನು ಇಳಿಸಬೇಡಿ ಎಂಬ ಒತ್ತಾಯ ಬರುವುದು ಸಹಜ. ಈ ಜಲಾಶಯ ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಗಳ ಕುಡಿಯುವ ನೀರಿನ ಆಸರೆ, ಅಚ್ಚುಕಟ್ಟಿನ ಜೀವನಾಡಿ. ಕುಡಿಯುವ ನೀರು ಮೊದಲು, ಬೆಳೆ ಆಮೇಲೆ, ಮೀನು ಅದರ ಜೊತೆಗೆ, ವಿಹಾರ ಕೊನೆಗೆ ಎಂಬ ಕ್ರಮ ಬಾಯಿಮಾತಿನಲ್ಲಿ ಉಳಿಯದೆ ಕರಾರಿನಲ್ಲಿಯೇ ಬರೆದಿರಬೇಕು.

ಬಿಟ್ಟ ಮೀನು ಬದುಕುವುದೇ?

‘ಹಿಡಿದು ಬಿಡುತ್ತೇವೆ, ಮೀನಿಗೆ ಏನೂ ಆಗದು’ ಎಂಬ ಮಾತನ್ನು ಗಾಳಗಾರಿಕೆಯ ಸಮರ್ಥಕರು ಹೇಳುತ್ತಾರೆ. ತಣ್ಣೀರಿನ ನದಿಗಳಲ್ಲಿ ಎಚ್ಚರದಿಂದ ನಡೆದುಕೊಂಡರೆ ಅದು ಬಹುಮಟ್ಟಿಗೆ ಸರಿ. ಬಿಸಿಲ ನಾಡಿನ ಕೆರೆಗೆ ಅದೇ ಮಾತು ಹಾಗೆಯೇ ಅನ್ವಯಿಸದು. ಇದಕ್ಕೆ ಸರಳ ಕಾರಣವಿದೆ. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಹೆಚ್ಚೆಂದರೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಬಿಸಿಯಲ್ಲಿ ಮೀನಿನ ಮೈಗೆ ಬೇಕಾಗುವ ಆಮ್ಲಜನಕವೋ ಹೆಚ್ಚು. ಗಾಳಕ್ಕೆ ಸಿಕ್ಕು ಸೆಣಸಿ ದಣಿದ ಮೀನು ನೀರಿಗೆ ಬಿದ್ದ ಮೇಲೂ ಏದುಸಿರು ಬಿಡುತ್ತದೆ. ಛಾಯಾಚಿತ್ರಕ್ಕಾಗಿ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿದಷ್ಟು ಹೊತ್ತೂ ಅದರ ಸಾಲ ಏರುತ್ತದೆ. ಒಣಗೈಯಿಂದ ಹಿಡಿದರೆ ಮೈಯ ಲೋಳೆ ಕಿತ್ತು ರೋಗಕ್ಕೆ ದಾರಿಯಾಗುತ್ತದೆ.

ಆದ್ದರಿಂದ ಮುಳ್ಳಿಲ್ಲದ ಗಾಳ, ಒದ್ದೆ ಕೈ, ನೀರಿನಲ್ಲಿಯೇ ಬಿಡಿಸುವ ಕ್ರಮ, ಬೇಸಗೆಯ ನಡುಹಗಲಲ್ಲಿಯೂ ಮೊಟ್ಟೆಯಿಡುವ ಕಾಲದಲ್ಲಿಯೂ ಪೂರ್ಣ ನಿಲುಗಡೆ, ಇವು ಕನಿಷ್ಠ ನಿಯಮಗಳು. ನೀರಿನಲ್ಲಿ ಕಳೆದುಹೋದ ನೈಲಾನ್ ದಾರ ಕೊಳೆಯುವುದಿಲ್ಲ; ಅದು ನೀರುಕಾಗೆಯ ಕಾಲಿಗೆ, ಆಮೆಯ ಕೊರಳಿಗೆ ಸುತ್ತಿಕೊಳ್ಳುತ್ತದೆ. ಆಟದ ರುಚಿ ಹೆಚ್ಚಿಸಲೆಂದು ಹೊರಗಿನ ಬೇಟೆ ಮೀನುಗಳನ್ನು ತಂದು ಬಿಡುವುದಂತೂ ಕಾವೇರಿಯ ಪಾಠವನ್ನು ಮರೆತಂತೆ.

ಗ್ರಾಮಸಭೆ ಕೇಳಬೇಕಾದದ್ದು

ಹಾಗಾದರೆ ಊರು ಏನು ಮಾಡಬೇಕು? ಬೇಡ ಎಂದು ಕೂಗುವುದೂ ಸುಲಭ, ಬರಲಿ ಎಂದು ಹಾರ ಹಾಕುವುದೂ ಸುಲಭ. ಕೇಳುವುದು ಕಷ್ಟ, ಆದರೆ ಕೇಳದೆ ವಿಧಿಯಿಲ್ಲ. ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆಯಿದೆ. ಗುತ್ತಿಗೆ, ಪರವಾನಗಿಗಳ ಅಧಿಕಾರ ಸರ್ಕಾರದ ಕೈಯಲ್ಲಿದೆ. ಗ್ರಾಮಸಭೆಗೆ 1993ರ ಪಂಚಾಯತ್ ರಾಜ್ ಕಾಯ್ದೆಯ ಬಲವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ವಾಣಿಜ್ಯ ಉದ್ದೇಶಕ್ಕೆ ಜೈವಿಕ ಸಂಪನ್ಮೂಲ ಸಂಗ್ರಹಿಸುವವರಿಂದ ಶುಲ್ಕ ಪಡೆಯಲು ಆ ಸಮಿತಿಗೆ ಅವಕಾಶವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕರಾರಿನ ಪ್ರತಿ ಕೇಳಬಹುದು.

ಯೋಜನೆ ಬಂದ ದಿನ ಗ್ರಾಮಸಭೆಯಲ್ಲಿ ಆರು ಪ್ರಶ್ನೆಗಳು ಎದ್ದು ನಿಲ್ಲಬೇಕು. ಗಾಳ ಹಾಕಿಸುವ ಹಕ್ಕು ಯಾರ ಹೆಸರಿನಲ್ಲಿದೆ, ಎಷ್ಟು ವರ್ಷಕ್ಕೆ? ಈಗ ಬಲೆ ಬಿಡುತ್ತಿರುವ ಕುಟುಂಬಗಳ ಪಟ್ಟಿ ಮಾಡಲಾಗಿದೆಯೇ, ಅವರ ಜಾಗ ಬದಲಾಗುತ್ತದೆಯೇ? ಕಟ್ಟಿದ ಹಣದಲ್ಲಿ ಊರಿಗೆ, ಮೀನುಗಾರರ ಸಂಘಕ್ಕೆ ಎಷ್ಟು ಪಾಲು, ಆ ಲೆಕ್ಕ ಪಂಚಾಯಿತಿಯ ಹಲಗೆಯ ಮೇಲೆ ತಿಂಗಳಿಗೊಮ್ಮೆ ಕಾಣುತ್ತದೆಯೇ? ದಿನಕ್ಕೆ ಎಷ್ಟು ಗಾಳ, ವರ್ಷಕ್ಕೆ ಎಷ್ಟು ದಿನ ಎಂಬ ಮಿತಿಯನ್ನು ಯಾರು ಹಾಕುತ್ತಾರೆ? ನೀರಿಳಿದ ವರ್ಷ ಕೂಲಿಯವರ ಗತಿಯೇನು? ದನಕರುಗಳು ನೀರಿಗಿಳಿಯುವ ದಾರಿ, ಬಟ್ಟೆ ಒಗೆಯುವ ಕಲ್ಲು, ಗಂಗಮ್ಮನ ಪೂಜೆಯ ದಡ ಬೇಲಿಯೊಳಗೆ ಹೋಗುತ್ತವೆಯೇ? ಕೊನೆಯ ಪ್ರಶ್ನೆಯನ್ನು ಹೆಂಗಸರೇ ಕೇಳಬೇಕು. ಬೇಲಿಯ ಬಿಸಿ ಮೊದಲು ತಟ್ಟುವುದು ಅವರಿಗೆ.

ಈ ಆರಕ್ಕೂ ಸಮಾಧಾನದ ಉತ್ತರ ಲಿಖಿತವಾಗಿ ಬಂದರೆ, ಐಸ್‌ಲ್ಯಾಂಡಿನ ರೈತರಂತೆ ಮೀನುಗಾರರ ಸಹಕಾರ ಸಂಘವೇ ಯಜಮಾನನಾಗಿ, ಜಾಲತಾಣವನ್ನು ಬರೀ ಅಂಚೆಯ ಕೆಲಸಕ್ಕೆ ಇಟ್ಟುಕೊಂಡು ಮುಂದುವರಿಯಬಹುದು. ಬೆಸ್ತರ ಮಗಳು ಕಾಲೇಜು ಕಲಿತು ಆ ಸಂಘದ ಗಣಕಯಂತ್ರದ ಮುಂದೆ ಕುಳಿತು ಕಾಯ್ದಿರಿಸುವ ಪಟ್ಟಿ ನೋಡಿಕೊಳ್ಳುವ ದಿನ ಬಂದರೆ ಅದನ್ನು ಸ್ವಾಗತಿಸದಿರಲು ಕಾರಣವಿಲ್ಲ. ಉತ್ತರ ಬಾರದಿದ್ದರೆ, ಬಾರದ ಉತ್ತರವೇ ಉತ್ತರ.

ವಿದ್ಯಾರ್ಥಿಗಳಿಗೆ ಇಂದೇ ಆರಂಭಿಸಬಹುದಾದ ಕೆಲಸವೊಂದಿದೆ. ಊರಿನ ಕೆರೆಯಲ್ಲಿ ಯಾವ ಯಾವ ಮೀನುಗಳಿವೆ, ಯಾವುವು ಹಿಂದೆ ಇದ್ದು ಈಗ ಇಲ್ಲ, ಜಿಲೇಬಿ ಮೀನು ಬಂದ ಮೇಲೆ ಯಾವುದು ಮರೆಯಾಯಿತು, ಯಾರ ಮನೆಯವರು ಯಾವ ಬಲೆ ಬಿಡುತ್ತಾರೆ, ಯಾವ ವರ್ಷ ಕೆರೆ ಬತ್ತಿತು, ಯಾವ ವರ್ಷ ಕೋಡಿ ಬಿತ್ತು ಎಂಬುದನ್ನು ಹಿರಿಯರನ್ನು ಕೇಳಿ ಬರೆದಿಡಬೇಕು. ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೆ ಅದನ್ನು ಸೇರಿಸಬೇಕು. ಕಾವೇರಿಯ ಉಬ್ಬುಬೆನ್ನಿನ ಮೀನಿನ ಇಳಿತ ಗೊತ್ತಾದದ್ದು ಯಾರೋ ಪ್ರತಿದಿನ ಒಂದು ಪುಸ್ತಕದಲ್ಲಿ ತೂಕ ಬರೆದಿಟ್ಟದ್ದರಿಂದ. ಬರೆದಿಡದ ಹಕ್ಕು ಹೇಗೆ ಉಳಿಯದೋ, ಬರೆದಿಡದ ಮೀನೂ ಹಾಗೆಯೇ ಸದ್ದಿಲ್ಲದೆ ಹೋಗುತ್ತದೆ.

ಮುಂದಿನ ಕೋಡಿ ಯಾವಾಗ ಬೀಳುವುದೋ ಯಾರಿಗೂ ತಿಳಿಯದು. ಅದು ಬೀಳುವ ಹೊತ್ತಿಗೆ ಆ ದಾಖಲೆಯ ಪುಸ್ತಕ ಪ್ರತಿ ಪಂಚಾಯಿತಿಯಲ್ಲಿಯೂ ಸಿದ್ಧವಾಗಿದ್ದರೆ, ಯಾವ ಪರದೆಯ ಮೇಲೆ ಯಾವ ಬೆಲೆ ಮೂಡಿದರೂ ಊರು ತಲೆಯೆತ್ತಿ ಮಾತನಾಡಬಲ್ಲದು.